ಬೆಂಕಿ ಕಂಡವರಷ್ಟೇ ಸಾಕ್ಷಿಯೆ?



ಕಳೆದ ವರ್ಷ ಮಾಗಿಯ ಒಂದು ಬೆಳಿಗ್ಗೆ ನಾವು ಹದಿನಾಲ್ಕು ಜನ ಹೆಂಗಸರು ಜಿಲ್ಲಾ ನ್ಯಾಯಾಲಯದ ಆವರಣದ ಹೊಂಗೆಮರದ ಕೆಳಗೆ ಕುಳಿತಿದ್ದೆವು. 2019ರಲ್ಲಿ ಸುಟ್ಟು ಸತ್ತ ನಮ್ಮ ಸಂಘದ ಹುಡುಗಿಯೊಬ್ಬಳ ಮೊಕದ್ದಮೆಯ ತೀರ್ಪು ಅಂದು. ಸಾಯುವಾಗ ಅವಳಿಗೆ ಇಪ್ಪತ್ತಮೂರು ವರ್ಷ. ಮದುವೆಯಾಗಿ ಮೂರು ವರ್ಷ ತುಂಬಿರಲಿಲ್ಲ. ಹನ್ನೊಂದು ಗಂಟೆಗೆ ಕರೆದರು, ಹನ್ನೊಂದೂಕಾಲಿಗೆ ಮುಗಿಯಿತು. ಗಂಡ, ಅತ್ತೆ, ಮಾವ, ಮೂವರೂ ಖುಲಾಸೆ.

'ಖುಲಾಸೆ ಅಂದ್ರೆ ಏನವ್ವ, ಜೈಲಾ?' ಎಂದು ಅವಳ ತಾಯಿ ನನ್ನ ಸೆರಗು ಹಿಡಿದು ಕೇಳಿದರು. ಐದು ವರ್ಷ ಆ ಮೆಟ್ಟಿಲು ಹತ್ತಿ ಇಳಿದ ಹೆಂಗಸಿಗೆ ಆ ಒಂದು ಪದದ ಅರ್ಥವನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು. ದುಡ್ಡು ತಿನ್ನಿಸಿದ್ದಾರೆ, ಬಡವರಿಗೆಲ್ಲಿಯ ನ್ಯಾಯ. ನಾನೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸುವುದು ಸುಲಭ. ಆಮೇಲೆ ವಕೀಲೆಯಾಗಿರುವ ಗೆಳತಿಯೊಬ್ಬರು ತೀರ್ಪಿನ ನಕಲು ತೆಗೆಸಿ, ಮೂರು ಸಂಜೆ ನಮ್ಮ ನಡುವೆ ಕುಳಿತು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದರು. ಆ ಮೂರು ಸಂಜೆಗಳ ನಂತರ ನನಗೆ ಮೊದಲಿನಷ್ಟು ಸುಲಭವಾಗಿ ಬೈಯಲು ಆಗಲಿಲ್ಲ.

ತಾಯಿ, ಅಣ್ಣ, ಸೋದರಮಾವ ಮೂವರೂ ಕಟಕಟೆಯಲ್ಲಿ ನಿಂತು ಒಂದೇ ವಾಕ್ಯ ಹೇಳಿದ್ದರು: 'ವರದಕ್ಷಿಣೆಗಾಗಿ ಕಿರುಕುಳ ಕೊಡುತ್ತಿದ್ದರು.' ಯಾವಾಗ? ಯಾರು? ಏನು ಕೇಳಿದರು? ಕೊನೆಯ ಸಲ ಕೇಳಿದ್ದು ಎಂದು? ಪಾಟೀಸವಾಲಿನಲ್ಲಿ ಎದುರು ವಕೀಲರು ಇದನ್ನೇ ತಿರುಗಿಸಿ ಮುರುಗಿಸಿ ಕೇಳಿದಾಗ ಮೂವರೂ 'ನೆನಪಿಲ್ಲ' ಎಂದರು. ಪಕ್ಕದ ಮನೆಯ ಇಬ್ಬರು ಪೊಲೀಸರ ಮುಂದೆ ಹೇಳಿದ್ದನ್ನು ನ್ಯಾಯಾಲಯದಲ್ಲಿ ಹೇಳದೆ ಪ್ರತಿಕೂಲ ಸಾಕ್ಷಿಗಳಾದರು. ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಕ್ರೌರ್ಯ ನಡೆದದ್ದು ಸಾಬೀತಾಗಿಲ್ಲ, ಅನುಮಾನದ ಲಾಭ ಆರೋಪಿಗಳಿಗೆ ಸಲ್ಲಬೇಕು ಎಂದು ನ್ಯಾಯಾಧೀಶರು ಬರೆದಿದ್ದರು.

ವಕೀಲೆ ಆ ಪುಟವನ್ನು ಓದಿ ಮುಗಿಸಿದಾಗ ಹಿಂದೆ ಗೋಡೆಗೊರಗಿ ಕುಳಿತಿದ್ದ ನಮ್ಮ ಸದಸ್ಯೆಯೊಬ್ಬಳು ಅಳತೊಡಗಿದಳು. ಹೂವಿನ ಸಾಲದಲ್ಲಿ ಬದುಕು ಕಟ್ಟಿಕೊಂಡವಳು, ಹೆಚ್ಚು ಮಾತಿನವಳಲ್ಲ. ಹುಡುಗಿ ಸಾಯುವುದಕ್ಕೆ ಹನ್ನೆರಡು ದಿನ ಮುಂಚೆ, ಊರ ಹಬ್ಬದ ಮಾರನೆಯ ದಿನ, ಆ ಮನೆಯ ಬಾಗಿಲು ಹಾಕಿತ್ತಂತೆ. ಹುಡುಗಿ ಜಗುಲಿಯ ಮೇಲೆ ಕುಳಿತಿದ್ದಳಂತೆ. ಬೈಕಿನ ಬಾಕಿ ನಲವತ್ತು ಸಾವಿರ ತರುವ ತನಕ ಒಳಗೆ ಬರಬೇಡ ಎಂದು ಅತ್ತೆ ಕಿಟಕಿಯಿಂದ ಕೂಗಿದ್ದನ್ನು ಇವಳು ಕಿವಿಯಾರೆ ಕೇಳಿದ್ದಳು. ರಾತ್ರಿ ತನ್ನ ಮನೆಗೆ ಕರೆದೊಯ್ದು ಮುದ್ದೆ ಹಾಕಿ ಮಲಗಿಸಿಕೊಂಡಿದ್ದಳು.

'ಇದನ್ನ ಯಾಕೆ ಯಾರಿಗೂ ಹೇಳಲಿಲ್ಲ?' ಎಂದೆ. ನನ್ನ ದನಿ ಗಡುಸಾಗಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

'ನಾನು ಬೆಂಕಿ ನೋಡಲಿಲ್ಲವಲ್ಲಕ್ಕ. ಕಣ್ಣಾರೆ ನೋಡದೆ ಹೆಂಗೆ ಸಾಕ್ಷಿ ಹೇಳ್ಲಿ?'

ಅವಳನ್ನು ಬೈದು ಏನು ಪ್ರಯೋಜನ? ಸಂಘ ತಾನೇ ಏನು ಮಾಡಿತ್ತು? ಸಾಯುವುದಕ್ಕೆ ಎರಡು ತಿಂಗಳ ಹಿಂದೆ ಅದೇ ಹುಡುಗಿ ಕೆನ್ನೆ ಊದಿಸಿಕೊಂಡು ಸಂಘದ ಸಭೆಗೆ ಬಂದಿದ್ದಳು. ನಾವು ನಾಲ್ವರು ಹೋಗಿ ಗಂಡನ ಮನೆಯಲ್ಲಿ ರಾಜಿ ಮಾಡಿಸಿ ಬಿಟ್ಟು ಬಂದಿದ್ದೆವು. ಅದು 'ಮನೆ ವಿಷಯ'ವೆಂದು ನಡಾವಳಿ ಪುಸ್ತಕದಲ್ಲಿ ಬರೆಯಲಿಲ್ಲ. ಆ ವಾರದ ಪುಟವನ್ನು ಮೊನ್ನೆ ತೆಗೆದು ನೋಡಿದೆ. ಉಳಿತಾಯದ ಮೊತ್ತ, ಸಾಲದ ಕಂತು, ತಡವಾಗಿ ಬಂದ ಇಬ್ಬರಿಗೆ ಐದೈದು ರೂಪಾಯಿ ದಂಡ. ಐದು ರೂಪಾಯಿ ದಂಡಕ್ಕೆ ದಾಖಲೆ ಇದೆ.

ಹೀಗೆ ಶುರುವಾಯಿತು ನಮ್ಮ ಬುಧವಾರದ ಪಾಠ. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಗಂಟೆ, ಆರು ತಿಂಗಳು. ಅಪರಾಧ ಎಂದರೇನು, ಪೊಲೀಸರ ಕೆಲಸ ಎಲ್ಲಿ ಮುಗಿಯುತ್ತದೆ, ನ್ಯಾಯಾಲಯದ್ದು ಎಲ್ಲಿ ಶುರುವಾಗುತ್ತದೆ, ಸಾಕ್ಷಿ ಎಂದರೆ ಯಾರು, ಜಾಮೀನು ಎಂದರೆ ಏನು. ಕಾಲೇಜಿನಲ್ಲಿ ಇದನ್ನು ಅಪರಾಧಶಾಸ್ತ್ರ ಎಂದು ಕಲಿಸುತ್ತಾರೆ. 'ಸಂಘಕ್ಕೆ ಹೋಗಿ ಗಂಡನ್ನ ಜೈಲಿಗೆ ಹಾಕೋದು ಕಲೀತಾರೆ' ಎಂದು ಟೀ ಅಂಗಡಿಯಲ್ಲಿ ಗಂಡಸರು ನಕ್ಕರು. ಇಬ್ಬರು ಸದಸ್ಯೆಯರು ಬರುವುದನ್ನು ಬಿಟ್ಟರು. ಒಬ್ಬಳು ಯುಗಾದಿಯ ನಂತರ ಮತ್ತೆ ಬಂದಳು.

ಮೊದಲ ದಿನವೇ ಎದುರಾದ ಪ್ರಶ್ನೆ: ತೀರ್ಪಿನ ಮೇಲೆ 'ಕರ್ನಾಟಕ ರಾಜ್ಯ' ಎಂದು ಬರೆದಿದೆ, ಸತ್ತವಳ ಹೆಸರಿಲ್ಲ, ಅವಳ ತಾಯಿಯ ಹೆಸರಿಲ್ಲ, ಯಾಕೆ? ಜಮೀನಿನ ಗಡಿ ಜಗಳವಾದರೆ ನನಗೂ ನಿನಗೂ ನಡುವಿನ ವ್ಯಾಜ್ಯ. ಅಪರಾಧ ಹಾಗಲ್ಲ. ಒಬ್ಬಳಿಗೆ ಬೆಂಕಿ ಹಚ್ಚಿದರೆ ಅದು ಇಡೀ ಸಮಾಜದ ಮೇಲೆ ನಡೆದ ಹಲ್ಲೆ ಎಂದು ಕಾನೂನು ತಿಳಿಯುತ್ತದೆ. ಅದಕ್ಕೇ ಮೊಕದ್ದಮೆ ಹೂಡುವುದು ಸರ್ಕಾರ, ವಾದಿಸುವುದು ಸರ್ಕಾರಿ ಅಭಿಯೋಜಕರು. ಸತ್ತವಳ ಮನೆಯವರು ಬರೀ ಸಾಕ್ಷಿಗಳು. ಹೆಣ್ಣಿನ ಮೇಲಿನ ಹೊಡೆತ 'ಗಂಡ ಹೆಂಡಿರ ಜಗಳ'ವಲ್ಲ, ಸಾರ್ವಜನಿಕ ಅಪರಾಧ ಎಂದು ನಮ್ಮ ಚಳವಳಿ ಹೇಳುತ್ತ ಬಂದದ್ದೂ ಇದನ್ನೇ. ಆದರೆ ಇದರಲ್ಲೊಂದು ಕಷ್ಟವೂ ಇದೆ. ಮೊಕದ್ದಮೆ ಸರ್ಕಾರದ್ದಾದ ಮೇಲೆ ತಾಯಿ ಮೂಲೆಗೆ ಸರಿಯುತ್ತಾಳೆ. 'ನನ್ನ ವಕೀಲರು ಯಾರು?' ಎಂದು ಆಕೆ ಐದು ವರ್ಷ ಹುಡುಕುತ್ತಲೇ ಇದ್ದರು. ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ನೊಂದವರು ತಮ್ಮ ಕಡೆಯ ವಕೀಲರನ್ನು ನೇಮಿಸಿಕೊಳ್ಳಲು ನ್ಯಾಯಾಲಯ ಅನುಮತಿ ಕೊಡಬಹುದು, ಆದಾಯ ಎಷ್ಟೇ ಇರಲಿ ಹೆಣ್ಣಾದ ಮಾತ್ರಕ್ಕೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಲು ಹಕ್ಕಿದೆ ಎಂಬುದು ನಮಗೂ ಆಗ ಗೊತ್ತಿರಲಿಲ್ಲ.

ಎರಡನೆಯದು ಹೆಸರಿಡುವ ವಿಷಯ. ಒಂದು ಸಾವಿಗೆ ಮೊದಲ ದಿನ ಠಾಣೆಯಲ್ಲಿ ಯಾವ ಹೆಸರು ಬೀಳುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. 1979ರಲ್ಲಿ ದೆಹಲಿಯ ಮಾಡೆಲ್ ಟೌನ್‌ನಲ್ಲಿ ಸುಟ್ಟುಹೋದ ಯುವತಿಯೊಬ್ಬಳು ಅತ್ತೆ ಮನೆಯವರೇ ಕೊಂದರೆಂದು ಸಾಯುವ ಮುನ್ನ ಹೇಳಿದ್ದರೂ ಪೊಲೀಸರು ಆತ್ಮಹತ್ಯೆ ಎಂದು ಬರೆದುಕೊಂಡರು. ಅದರ ವಿರುದ್ಧ ಹೆಂಗಸರು ಬೀದಿಗಿಳಿದದ್ದು ವರದಕ್ಷಿಣೆ ವಿರೋಧಿ ಚಳವಳಿಗೆ ದೊಡ್ಡ ತಿರುವು ಕೊಟ್ಟಿತು. ಅಂಥ ಹೋರಾಟಗಳ ಫಲವಾಗಿ 1983ರಲ್ಲಿ 498ಎ, 1986ರಲ್ಲಿ 304ಬಿ ಕಲಮುಗಳು ಬಂದವು. ಆದರೂ ಬರೆಯುವ ಕೈ ಬದಲಾಗಲಿಲ್ಲ. ನಮ್ಮ ಬೆಂಗಳೂರನ್ನೇ ನೋಡಿ. 1997ರಲ್ಲಿ ನಗರದ ಪೊಲೀಸ್ ದಾಖಲೆಗಳ ಪ್ರಕಾರ ಹೆಂಗಸರ ಅಸ್ವಾಭಾವಿಕ ಸಾವುಗಳು 1,133. ಅದರಲ್ಲಿ ಕೊಲೆ ಎಂದು ದಾಖಲಾದದ್ದು 157. ಉಳಿದ 546 ಆತ್ಮಹತ್ಯೆ, 430 ಅಪಘಾತ. ವಿಮೋಚನಾದ ಗೆಳತಿಯರು ಆಸ್ಪತ್ರೆಯ ಸುಟ್ಟಗಾಯದ ವಾರ್ಡುಗಳಲ್ಲಿ ಕುಳಿತು, ಠಾಣೆಯಿಂದ ಠಾಣೆಗೆ ಅಲೆದು ಈ ಲೆಕ್ಕವನ್ನು ಎತ್ತಿ ತೋರಿಸಿದಾಗ ನಮಗೆಲ್ಲ ಎದೆ ಝಲ್ಲೆಂದಿತು. ಆ ಕಾಲದಲ್ಲಿ 'ಸ್ಟೌ ಸಿಡಿದು' ಎಂಬುದೊಂದು ಮಾತಿತ್ತು. ಸಿಡಿಯುವ ಸ್ಟೌಗಳೆಲ್ಲ ಸೊಸೆ ಅಡಿಗೆ ಮಾಡುವಾಗಲೇ ಸಿಡಿಯುತ್ತಿದ್ದವು. ಅತ್ತೆ ಕಾಫಿ ಕಾಸುವಾಗ ಸಿಡಿದ ಸ್ಟೌ ನಾನಂತೂ ಕಾಣೆ.

ದಾಖಲಾದದ್ದಕ್ಕಿಂತ ದಾಖಲಾಗದೆ ಉಳಿದ ಅಪರಾಧವೇ ದೊಡ್ಡ ರಾಶಿ ಎಂಬುದು ಅಪರಾಧಶಾಸ್ತ್ರದ ಮೊದಮೊದಲ ಪಾಠಗಳಲ್ಲೊಂದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ಕ್ಕೆ ಕೊಟ್ಟ ಲೆಕ್ಕ, ದೇಶದಲ್ಲಿ 6,450 ವರದಕ್ಷಿಣೆ ಸಾವಿನ ಪ್ರಕರಣಗಳು. ಅವು ಹಾಗೆಂದು ಬರೆಯಲ್ಪಟ್ಟ ಸಾವುಗಳು ಮಾತ್ರ. ಹೊಟ್ಟೆನೋವು ತಾಳದೆ, ಕಾಲು ಜಾರಿ ಬಾವಿಗೆ ಬಿದ್ದು ಎಂದು ಯು.ಡಿ.ಆರ್. ಕಡತದಲ್ಲಿ ಮುಚ್ಚಿಹೋದವುಗಳನ್ನು ಯಾರು ಎಣಿಸುತ್ತಾರೆ?

ಆದ್ದರಿಂದ ಠಾಣೆಯ ಭಾಷೆಯನ್ನು ನಾವು ಕಲಿಯಲೇಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ಕಲಮುಗಳೇ. ಆಮೇಲಿನದಕ್ಕೆ 498ಎ ಬದಲು 85 ಮತ್ತು 86, 304ಬಿ ಬದಲು 80. ಅಂಕಿ ಬದಲಾಗಿದೆ, ತಿರುಳು ಹೆಚ್ಚು ಕಡಿಮೆ ಅದೇ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, 'ನಮ್ಮ ಸರಹದ್ದಲ್ಲ' ಎಂದು ಅಟ್ಟುವಂತಿಲ್ಲ. ಎಫ್.ಐ.ಆರ್. ನಕಲನ್ನು ಪುಕ್ಕಟೆ ಕೊಡಬೇಕು. ಬರೆದುಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ತವರಿಗೆ ಬಂದು ಸೇರಿದವಳು ತವರೂರಿನ ವ್ಯಾಪ್ತಿಯಲ್ಲೇ ಕ್ರೌರ್ಯದ ಮೊಕದ್ದಮೆ ನಡೆಸಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ, ಅಥವಾ ಅನುಮಾನ ಬರುವಂತೆ ಸತ್ತರೆ, ಪೊಲೀಸರ ಪಂಚನಾಮೆಯೊಂದೇ ಸಾಲದು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಬರುತ್ತಾರೆ. ಶವ ಪರೀಕ್ಷೆ ಆಗಬೇಕು. ಅದಕ್ಕೆ ಮುಂಚೆ ಹೆಣ ಎತ್ತಲು ಅವಸರ ಮಾಡುವವರು ಯಾರು ಎಂದು ಗಮನಿಸಿ. ತಹಶೀಲ್ದಾರರ ಎದುರು ತವರಿನವರು ಹೇಳುವ ಮಾತು ಮುಂದೆ ನ್ಯಾಯಾಲಯದವರೆಗೂ ಹಿಂಬಾಲಿಸುತ್ತದೆ. ನಮ್ಮ ಹುಡುಗಿಯ ತಾಯಿ ಅಂದು ಶವಾಗಾರದ ಬಾಗಿಲಲ್ಲಿ ಎಚ್ಚರ ತಪ್ಪಿದ್ದರು. ಯಾರೋ ಬರೆದುಕೊಂಡರು, ಯಾರೋ ಓದಿ ಹೇಳಿದರು, ಆಕೆ ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ನಿಂತು 'ನಿಧಾನ, ಇನ್ನೊಮ್ಮೆ ಓದಿ' ಎನ್ನಲು ಸಂಘದವರು ಒಬ್ಬರೂ ಇರಲಿಲ್ಲ. ನಾವೆಲ್ಲ ಹೊರಗೆ ಅಳುತ್ತಿದ್ದೆವು.

ಈಗ ಸಾಬೀತಿನ ಮಾತಿಗೆ ಬರುತ್ತೇನೆ. ಆರು ತಿಂಗಳಲ್ಲಿ ನಾವು ಹೆಚ್ಚು ಜಗಳವಾಡಿದ್ದು ಇದರ ಮೇಲೆ.

ಅಪರಾಧ ಸಾಬೀತಾಗುವ ತನಕ ಆರೋಪಿ ನಿರಪರಾಧಿ. ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊರೆ ಸರ್ಕಾರದ್ದು. ಇದನ್ನು ಕೇಳಿ ನಮ್ಮವರು ಸಿಟ್ಟಾದರು. 'ನಾಲ್ಕು ಗೋಡೆ ಮಧ್ಯೆ ಸುಟ್ಟಿದ್ದನ್ನ ನಾವೆಲ್ಲಿಂದ ಸಾಬೀತು ಮಾಡೋಣ?' ನ್ಯಾಯವಾದ ಪ್ರಶ್ನೆ. ಆದರೆ ಅದೇ ಗುಂಪಿನಲ್ಲಿ, ಮೈದುನನನ್ನು ಕಳ್ಳತನದ ಸುಳ್ಳು ಮೊಕದ್ದಮೆಯಲ್ಲಿ ಸಿಕ್ಕಿಸಿದ್ದ ಮನೆಯ ಹೆಂಗಸೂ ಇದ್ದಳು. ಆ ನಿಯಮ ಇಲ್ಲದಿದ್ದರೆ ಅವನು ಇಂದಿಗೂ ಒಳಗಿರುತ್ತಿದ್ದ ಎಂದಳು. ಬಡವರ ಮಕ್ಕಳನ್ನೇ ಮೊದಲು ಹಿಡಿಯುವ ದೇಶದಲ್ಲಿ ಈ ನಿಯಮ ಬಡವರಿಗೂ ಬೇಕು.

ನಾಲ್ಕು ಗೋಡೆಗಳ ಕಷ್ಟ ಕಾನೂನಿಗೆ ತಿಳಿಯದೆ ಇಲ್ಲ. ಅದಕ್ಕೇ ವರದಕ್ಷಿಣೆ ಸಾವಿನಲ್ಲಿ ಹೊರೆಯನ್ನು ಅರ್ಧ ದಾರಿಯಲ್ಲಿ ಇಳಿಸಿಕೊಂಡಿದೆ. ಸರ್ಕಾರ ತೋರಿಸಬೇಕಾದದ್ದು ಇಷ್ಟು: ಸಾವು ಸುಟ್ಟಗಾಯದಿಂದ, ಪೆಟ್ಟಿನಿಂದ ಅಥವಾ ಸಹಜವಲ್ಲದ ರೀತಿಯಲ್ಲಿ ಆಗಿದೆ, ಮದುವೆಯಾದ ಏಳು ವರ್ಷದೊಳಗೆ ಆಗಿದೆ, ಗಂಡ ಅಥವಾ ಅವನ ಸಂಬಂಧಿಕರು ವರದಕ್ಷಿಣೆಗಾಗಿ ಕ್ರೌರ್ಯ ನಡೆಸಿದ್ದಾರೆ, ಆ ಕ್ರೌರ್ಯ ಸಾವಿಗೆ ಸ್ವಲ್ಪ ಮುಂಚೆ ನಡೆದಿದೆ. ಇಷ್ಟು ತೋರಿಸಿದರೆ ಸಾಕು, ಯಾರು ಕಡ್ಡಿ ಗೀರಿದರೆಂದು ನೋಡಿದವರು ಬೇಕಾಗಿಲ್ಲ. ಅಲ್ಲಿಂದ ಮುಂದೆ ಆ ಸಾವಿಗೆ ಇವರೇ ಕಾರಣವೆಂದು ನ್ಯಾಯಾಲಯ ಭಾವಿಸಲೇಬೇಕು, ಅಲ್ಲವೆಂದು ತೋರಿಸುವ ಹೊರೆ ಆರೋಪಿಗಳ ಹೆಗಲಿಗೆ ಬೀಳುತ್ತದೆ. ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಹೋಗಬಹುದು.

ಇದನ್ನು ವಕೀಲೆ ವಿವರಿಸಿದಾಗ ಹೂವಿನವಳು ತಲೆಯೆತ್ತಿ ನೋಡಿದಳು. ಅವಳು ಬೆಂಕಿ ನೋಡಿರಲಿಲ್ಲ ನಿಜ. ಆದರೆ ಬೆಂಕಿಯನ್ನು ನೋಡಿದವರನ್ನು ಆ ಕಲಂ ಕೇಳುವುದೇ ಇಲ್ಲ. ಹಾಕಿದ ಬಾಗಿಲನ್ನು, ಕಿಟಕಿಯಿಂದ ಬಂದ ಮಾತನ್ನು, ನಲವತ್ತು ಸಾವಿರವನ್ನು, ಊರ ಹಬ್ಬದ ಮಾರನೆಯ ದಿನವನ್ನು ಕೇಳುತ್ತದೆ. ಇಡೀ ಮೊಕದ್ದಮೆಗೆ ಬೇಕಾಗಿದ್ದ ಹನ್ನೆರಡು ದಿನ ಹಿಂದಿನ ಆ ಸಂಜೆ ಅವಳೊಬ್ಬಳ ಬಳಿಯೇ ಇತ್ತು.

'ಸ್ವಲ್ಪ ಮುಂಚೆ' ಎಂದರೆ ಎಷ್ಟು ದಿನ ಎಂದು ಕಾಯ್ದೆ ಅಳೆದು ಕೊಟ್ಟಿಲ್ಲ. ಅದು ಸಾವಿಗೆ ತೀರಾ ಹಿಂದಿನ ಕ್ಷಣವೆಂದಲ್ಲ, ಕ್ರೌರ್ಯಕ್ಕೂ ಸಾವಿಗೂ ಹತ್ತಿರದ, ಜೀವಂತ ಕೊಂಡಿ ಇರಬೇಕು ಎಂದು 2021ರಲ್ಲಿ ಸತ್ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೊಂಡಿ ಕಾಣುವುದು ದಿನಾಂಕಗಳಲ್ಲಿ. 'ಯಾವಾಗಲೂ ಹೊಡೀತಿದ್ದ' ಎಂಬ ಮಾತಿಗೆ ನಮ್ಮ ಊರಿನಲ್ಲಿ ಬೆಲೆಯಿದೆ, ಕಟಕಟೆಯಲ್ಲಿ ಇಲ್ಲ. 'ಶಿವರಾತ್ರಿಯ ಮುಂಚಿನ ಸೋಮವಾರ, ಎಡಗೈ ಊದಿತ್ತು, ಬಳೆ ಒಡೆದಿತ್ತು, ಹೀಗೆ ಹೇಳಿದಳು' ಎಂದರೆ ಬೆಲೆಯಿದೆ. ಅವಳು ಹೇಳಿದ್ದಕ್ಕೂ ಬೆಲೆಯಿದೆಯೆ ಎಂದು ಹಲವರು ಕೇಳಿದರು. ಇದೆ. ಸಾಯುವ ಕಾಲದ ಹೇಳಿಕೆ ಎಂದರೆ ಆಸ್ಪತ್ರೆಯ ಮಂಚದ ಮೇಲೆ ಡಾಕ್ಟರ ಮುಂದೆ ಹೇಳಿದ್ದು ಮಾತ್ರವಲ್ಲ. ತನ್ನ ಸಾವಿಗೆ ದಾರಿಯಾದ ಸಂದರ್ಭದ ಬಗ್ಗೆ, ಸಾವನ್ನು ನಿರೀಕ್ಷಿಸದೆ ಹೇಳಿದ ಮಾತನ್ನೂ, ಬರೆದ ಕಾಗದವನ್ನೂ ನಮ್ಮ ಸಾಕ್ಷ್ಯ ಕಾನೂನು ಒಪ್ಪುತ್ತದೆ. ಈಗಿನ ದಿನಗಳಲ್ಲಿ ಅಣ್ಣನ ಮೊಬೈಲಿಗೆ ಕಳಿಸಿದ ಧ್ವನಿ ಸಂದೇಶವೂ ಹಾಗೆಯೇ. ಅಳಿಸಬೇಡಿ. ದುಃಖ ತಾಳಲಾರದೆ ಅಳಿಸಿದವರನ್ನು ಕಂಡಿದ್ದೇನೆ.

ಇನ್ನೊಂದು ಕಹಿ ಮಾತು. ಮನೆಯವರು ರೋಷದಲ್ಲಿ ದೂರು ಬರೆಸುವಾಗ ಗಂಡ, ಅತ್ತೆ, ಮಾವ ಸಾಲದೆಂದು ಮುಂಬೈಯಲ್ಲಿರುವ ನಾದಿನಿ, ಅವಳ ಗಂಡ, ಚಿಕ್ಕತ್ತೆ, ಎಲ್ಲರನ್ನೂ ಸೇರಿಸುತ್ತಾರೆ. ನಾವೂ ಸೇರಿಸಿ ಎಂದು ಹುರಿದುಂಬಿಸಿದ್ದುಂಟು. ಯಾರು ಏನು ಮಾಡಿದರೆಂದು ಬಿಡಿಸಿ ಹೇಳದೆ ಸಾರಾಸಗಟಾಗಿ ಎಲ್ಲರನ್ನೂ ಎಳೆದರೆ ಆ ಸಂಬಂಧಿಕರ ಮೇಲಿನ ಮೊಕದ್ದಮೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲೂ ಹೇಳಿದೆ. 'ಕಾನೂನಿನ ದುರ್ಬಳಕೆ' ಎಂದು ಕೂಗುವವರ ಕೈಗೆ ನಾವೇ ಕೋಲು ಕೊಟ್ಟಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಸೇರಿದ ಕಡೆ ನಿಜವೂ ಮಂಕಾಗುತ್ತದೆ. ಕಂಡದ್ದನ್ನು ಕಂಡಷ್ಟೇ ಹೇಳೋಣ.

ಜಾಮೀನಿನ ಬಗ್ಗೆಯೂ ಎರಡು ಮಾತು. ಗಂಡನಿಗೆ ಜಾಮೀನು ಸಿಕ್ಕ ದಿನ ಅವನ ಊರಿನಲ್ಲಿ ಪಟಾಕಿ ಹೊಡೆದರು. ಕೇಸು ಬಿದ್ದುಹೋಯಿತು ಎಂದು ನಮ್ಮ ಊರಿನವರೂ ನಂಬಿದರು. ಪಕ್ಕದ ಮನೆಯ ಸಾಕ್ಷಿಗಳು ಅಂದಿನಿಂದಲೇ ಬಾಯಿ ಮುಚ್ಚಿದರು ಎಂಬುದು ನನ್ನ ಅನುಮಾನ. ಜಾಮೀನು ಎಂದರೆ ವಿಚಾರಣೆ ಮುಗಿಯುವ ತನಕ ಷರತ್ತಿನ ಮೇಲೆ ಹೊರಗಿರುವುದು, ಅಷ್ಟೇ. ಬಂಧನ ಶಿಕ್ಷೆಯಲ್ಲ, ಬಿಡುಗಡೆ ತೀರ್ಪಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಇಂಥ ದೂರುಗಳಲ್ಲಿ ಪೊಲೀಸರು ಅಗತ್ಯವೇನೆಂದು ಬರೆದು ತೋರಿಸದೆ ಬಂಧಿಸುವಂತಿಲ್ಲ. ಬಂಧಿಸಲಿಲ್ಲ ಎಂದ ಮಾತ್ರಕ್ಕೆ ದೂರು ಬರೆದುಕೊಳ್ಳುವುದಿಲ್ಲ ಎನ್ನುವಂತೆಯೂ ಇಲ್ಲ. ಜಾಮೀನಿನಲ್ಲಿ ಬಂದವನು ಸಾಕ್ಷಿಗಳನ್ನು ಹೆದರಿಸಿದರೆ ಅದನ್ನೇ ಕಾರಣವಾಗಿಟ್ಟು ಜಾಮೀನು ರದ್ದು ಮಾಡಲು ಕೇಳಬಹುದು. ನಾವು ಕೇಳಲಿಲ್ಲ. ಗೊತ್ತಿದ್ದರೆ ತಾನೆ?

ಆ ಸಾಕ್ಷಿಗಳ ಮೇಲೆ ನನಗೆ ಮೊದಲಿನ ಕೋಪವಿಲ್ಲ. ಅವರ ಹೊಲಕ್ಕೆ ನೀರು ಬರುವುದು ಅದೇ ಮನೆಯ ಬೋರ್‌ವೆಲ್‌ನಿಂದ. ಐದು ವರ್ಷ ಅಲ್ಲೇ ಬದುಕಬೇಕಾದವರು. ಬೇಗನೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡಿಸಿದ್ದರೆ, ಸಂಘದ ನಾಲ್ಕು ಜನ ಅವರ ಬೆನ್ನಿಗಿದ್ದರೆ ಏನಾಗುತ್ತಿತ್ತೋ.

ಪಾಠದಲ್ಲಿ ಒಂದು ದಿನ ದೊಡ್ಡ ಪ್ರಶ್ನೆಗೂ ಕೈ ಹಾಕಿದೆವು. ಇವರು ಯಾಕೆ ಹೀಗೆ ಮಾಡುತ್ತಾರೆ? ಹತ್ತೊಂಬತ್ತನೆಯ ಶತಮಾನದಲ್ಲಿ ಲೊಂಬ್ರೋಸೋ ಎಂಬ ಇಟಲಿಯ ವೈದ್ಯ ಕೈದಿಗಳ ತಲೆಬುರುಡೆ ಅಳೆದು, ಅಪರಾಧಿಗಳು ಹುಟ್ಟಿನಿಂದಲೇ ಹಾಗಿರುತ್ತಾರೆ, ದವಡೆಯಲ್ಲಿ, ಹಣೆಯಲ್ಲಿ ಗುರುತಿರುತ್ತದೆ ಎಂದ. ಅದು ನಿಲ್ಲಲಿಲ್ಲ. ಆದರೂ ನಾವೆಲ್ಲ ಒಳಗೊಳಗೆ ಲೊಂಬ್ರೋಸೋಗಳೇ. 'ನೋಡಿದರೆ ದೇವರಂಥ ಮನುಷ್ಯ, ದಿನಾ ಪೂಜೆ ಮಾಡ್ತಾರೆ, ಅವರ ಮನೇಲಿ ಹಂಗಾಗಿರಲ್ಲ' ಎಂದು ಎಷ್ಟು ಸಲ ಕೇಳಿಲ್ಲ! ಅಮೆರಿಕದ ಸದರ್ಲೆಂಡ್ ಎಂಬ ವಿದ್ವಾಂಸ ಹೇಳಿದ್ದು ನಮಗೆ ಹೆಚ್ಚು ಹತ್ತಿರವಾಯಿತು. ಅಪರಾಧವನ್ನು ಜನ ಕಲಿಯುತ್ತಾರೆ, ಬೇರೆ ಎಲ್ಲ ನಡತೆಯಂತೆಯೇ, ಹತ್ತಿರದವರಿಂದ. ಮಾಡುವ ವಿಧಾನವನ್ನಷ್ಟೇ ಅಲ್ಲ, ಅದು ತಪ್ಪಲ್ಲ ಎನ್ನುವ ಸಮಜಾಯಿಷಿಯನ್ನೂ ಕಲಿಯುತ್ತಾರೆ. 'ನಾವೂ ಕೊಟ್ಟಿದ್ದೇವೆ, ಕೇಳಿದರೆ ತಪ್ಪೇನು?' 'ಹೆಂಗಸಿಗೆ ಒಂದೇಟು ಹಾಕದಿದ್ದರೆ ಮನೆ ನಡೆಯುತ್ತಾ?' ಈ ಪಾಠಶಾಲೆಯ ಮೇಷ್ಟ್ರು ಯಾರು? ನಾವೂ ಹೌದು. ನಮ್ಮ ಸಂಘದಲ್ಲಿ 'ಮಗಳ ಮದುವೆ' ಎಂದು ತೆಗೆದ ಸಾಲಗಳಲ್ಲಿ ಎಷ್ಟು ರೂಪಾಯಿ ಊಟಕ್ಕೆ ಹೋಯಿತು, ಎಷ್ಟು ಬೈಕಿಗೆ ಹೋಯಿತು ಎಂದು ಖಜಾಂಚಿಗೆ ಗೊತ್ತು. ಯಾರೂ ಕೇಳುವುದಿಲ್ಲ, ಕಂತು ಸರಿಯಾಗಿ ಬಂದರೆ ಸರಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದೂ ಅಪರಾಧ. ಇದೇ ಹೆದರಿಕೆಯಿಂದ ಎಷ್ಟೋ ತಂದೆತಾಯಿ ಠಾಣೆಯಲ್ಲಿ 'ಏನೂ ಕೊಟ್ಟಿಲ್ಲ' ಎನ್ನುತ್ತಾರೆ, ಅಲ್ಲಿಗೆ ಮೊಕದ್ದಮೆಯ ಕಾಲು ಮುರಿಯುತ್ತದೆ. ಅನ್ಯಾಯಕ್ಕೊಳಗಾದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅದೇ ಕಾಯ್ದೆಯಲ್ಲಿ ಅವರನ್ನು ಶಿಕ್ಷೆಗೆ ಗುರಿಮಾಡುವಂತಿಲ್ಲ ಎಂದು ಆ ಕಾಯ್ದೆಯ 7ನೇ ಕಲಂ ಹೇಳುತ್ತದೆ. ದಯವಿಟ್ಟು ಇದನ್ನು ನಿಮ್ಮ ಸಂಘಗಳಲ್ಲಿ ಜೋರಾಗಿ ಓದಿ ಹೇಳಿ.

ಗಲ್ಲಿಗೇರಿಸಬೇಕು, ನಡುಬೀದಿಯಲ್ಲಿ ಸುಡಬೇಕು ಎಂದು ಅಂದು ಬಸ್ಸಿನಲ್ಲಿ ನಮ್ಮವರು ಕೂಗಿದ್ದರು. 1764ರಲ್ಲೇ ಬೆಕಾರಿಯಾ ಎಂಬ ಮಿಲಾನಿನ ಚಿಂತಕ, ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಶಿಕ್ಷೆ ತಪ್ಪದು ಎಂಬ ಖಾತ್ರಿ ಎಂದು ಬರೆದಿದ್ದ. ನಾನು ಅವನ ಪಕ್ಷ. ಏಳು ವರ್ಷದ ಶಿಕ್ಷೆ ಸಾಲದು ಎಂದು ಮೆರವಣಿಗೆ ಹೋಗುವ ನಾವು, ಆ ಏಳು ವರ್ಷವೂ ಯಾಕೆ ಆಗುತ್ತಿಲ್ಲ ಎಂದು ಕಡತ ತೆಗೆದು ನೋಡುವುದಿಲ್ಲ.

ಸಾಯುವ ತನಕ ಕಾಯಬೇಕೆ ಎಂದು ನೀವು ಕೇಳುತ್ತೀರಿ. ಖಂಡಿತ ಇಲ್ಲ. ಜೀವಂತವಾಗಿರುವವಳಿಗೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಗಂಡನನ್ನು ಜೈಲಿಗೆ ಕಳಿಸದೆಯೂ ಹೊಡೆಯದಂತೆ ಆದೇಶ, ಆ ಮನೆಯಲ್ಲೇ ಉಳಿಯುವ ಹಕ್ಕು, ಖರ್ಚಿಗೆ ಹಣ ಕೇಳಬಹುದು. ಆದೇಶ ಮುರಿದರೆ ಮಾತ್ರ ಅದು ಅಪರಾಧ. ಸಂಘದ ಪಾತ್ರ ಇಲ್ಲಿ ತುಂಬ ಮುಖ್ಯ. ಬದುಕಿರುವವಳ ಮೇಲಿನ ಕ್ರೌರ್ಯಕ್ಕೆ 85ನೇ ಕಲಮಿನಡಿ ಪೊಲೀಸರು ನೇರವಾಗಿ ಮೊಕದ್ದಮೆ ದಾಖಲಿಸಬೇಕಾದರೆ ದೂರು ಅವಳಿಂದ ಅಥವಾ ಅವಳ ಸಂಬಂಧಿಕರಿಂದ ಬರಬೇಕು. ನೆರೆಯವಳು, ಸಂಘದವಳು ಕೊಟ್ಟರೆ ಸಾಲದು. ಆದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ, ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನಮ್ಮ ತಾಲ್ಲೂಕುಗಳಲ್ಲಿ ಆ ಜವಾಬ್ದಾರಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅಂಗನವಾಡಿಯ ಅಕ್ಕನನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನಾವು ನಾಲ್ವರು ರಾಜಿ ಮಾಡಿಸಲು ಹೋದ ದಿನ ಅದೇ ಬಸ್ಸಿನಲ್ಲಿ ಇನ್ನೆರಡು ನಿಲ್ದಾಣ ಮುಂದೆ ಹೋಗಿದ್ದರೆ ಆ ಕಚೇರಿ ಸಿಗುತ್ತಿತ್ತು.

ಈಗ ನಮ್ಮ ಸಂಘದಲ್ಲಿ ಇನ್ನೊಂದು ಪುಸ್ತಕವಿದೆ. ನೂರು ಪುಟದ ನೋಟುಬುಕ್ಕು, ಕಾರ್ಯದರ್ಶಿಯ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತದೆ. ಯಾರಾದರೂ ಪೆಟ್ಟು ತಿಂದು ಬಂದರೆ ಅವಳ ಒಪ್ಪಿಗೆ ಪಡೆದು ದಿನ, ಹೊತ್ತು, ಏನು ಕಂಡೆವು, ಅವಳ ಬಾಯಿಂದ ಬಂದ ಮಾತು, ನೋಡಿದವರ ಸಹಿ, ಇಷ್ಟನ್ನು ಬರೆಯುತ್ತೇವೆ. ಪುಸ್ತಕವೇ ಮೊಕದ್ದಮೆ ಗೆಲ್ಲಿಸುವುದಿಲ್ಲ. ಆದರೆ ಆಗಲೇ ಬರೆದ ಟಿಪ್ಪಣಿ ನೋಡಿ ನೆನಪು ಹೊಸದು ಮಾಡಿಕೊಂಡು ಸಾಕ್ಷಿ ಹೇಳಲು ಕಾನೂನು ಬಿಡುತ್ತದೆ. ಐದು ವರ್ಷದ ನಂತರ ಪಾಟೀಸವಾಲಿನಲ್ಲಿ ನಿಂತಾಗ ಅದರ 'ನೆನಪಿದೆ' ಬೇಕಾಗುತ್ತದೆ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಬಿದ್ದದ್ದಲ್ಲ ಹೊಡೆದದ್ದು ಎಂದು ವೈದ್ಯರ ಮುಂದೆ ಹೇಳಿಸುತ್ತೇವೆ. ಇಲ್ಲಿಯವರೆಗೆ ಏಳು ಪುಟ ತುಂಬಿವೆ. ಎರಡು ಪುಟ ನಮ್ಮ ಸದಸ್ಯೆಯೊಬ್ಬಳ ಮಗನ ಬಗ್ಗೆ. ಆ ದಿನ ಸಭೆಯಲ್ಲಿ ಯಾರೂ ಮಾತಾಡಲಿಲ್ಲ, ಬರೆದದ್ದಂತೂ ಬರೆದೆವು. ಮಾರನೆಯ ವಾರ ಆಕೆ ಸಭೆಗೆ ಬರಲಿಲ್ಲ. ಸೊಸೆ ಬಂದಳು.

ಖುಲಾಸೆಯ ವಿರುದ್ಧ ಮೇಲ್ಮನವಿ ಹೋಗಲು ನೊಂದವರಿಗೇ ಹಕ್ಕಿದೆ ಎಂದು ತಿಳಿದಾಗ ಹುಡುಗಿಯ ತಾಯಿ ಎರಡು ದಿನ ಯೋಚಿಸಿ ಹೂಂ ಎಂದರು. ಕಾನೂನು ಸೇವಾ ಸಮಿತಿಯಿಂದ ವಕೀಲರು ಸಿಕ್ಕಿದ್ದಾರೆ, ಕಾಗದಪತ್ರ ಹೈಕೋರ್ಟಿಗೆ ಹೋಗಿದೆ. ವಿಚಾರಣೆಯಲ್ಲಿ ಬಾರದ ಸಾಕ್ಷಿಯನ್ನು ಈಗ ಕೇಳಬೇಕೋ ಬೇಡವೋ ಎಂಬುದು ಆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ವಕೀಲರು ಮೊದಲೇ ಹೇಳಿದ್ದಾರೆ. ಹೂವಿನವಳು ಕರೆದರೆ ಬರುತ್ತೇನೆ ಎಂದಿದ್ದಾಳೆ. ಆ ವರ್ಷದ ಹಬ್ಬ ಯಾವ ತಾರೀಕು ಬಿದ್ದಿತ್ತು ಎಂದು ಹಳೆಯ ಕ್ಯಾಲೆಂಡರು ಹುಡುಕಿಸಿ ಬರೆದಿಟ್ಟುಕೊಂಡಿದ್ದಾಳೆ.

ಮುಂದಿನ ಸಂಚಿಕೆಯಲ್ಲಿ ಪಂಚನಾಮೆ ಮತ್ತು ಶವ ಪರೀಕ್ಷೆಯ ವರದಿಯನ್ನು ಓದುವುದು ಹೇಗೆ ಎಂಬ ಬರಹವಿದೆ. ನಿಮ್ಮ ಸಂಘಗಳಲ್ಲಿ ಹೀಗೆ ಕಲಿಯಲು ಕುಳಿತಿದ್ದರೆ, ಅಥವಾ ಕುಳಿತು ಎದ್ದುಹೋಗಿದ್ದರೆ, ಏನಾಯಿತೆಂದು ಬರೆಯಿರಿ. ಹೆಸರು ಬೇಡವೆಂದರೆ ಹಾಕುವುದಿಲ್ಲ.